ಸಂಪಾದಕರ ಉತ್ತರ: ಚಪ್ಪಾಳೆ ಯಾರಿಗೆ, ವಿಮರ್ಶೆ ಯಾವುದಕ್ಕೆ?

ಮೈಸೂರಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "2022ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದಾಗ ಅವಳು ನನ್ನನ್ನು ನ್ಯೂಯಾರ್ಕಿನ ನಾಟಕಗಳ ಕೇರಿ ಬ್ರಾಡ್‌ವೇಗೆ ಕರೆದುಕೊಂಡು ಹೋಗಿ 'ದಿ ಮ್ಯೂಸಿಕ್ ಮ್ಯಾನ್' ತೋರಿಸಿದಳು. ಅದರ ನಾಯಕ, ಸಿನಿಮಾ ತಾರೆ ಹ್ಯೂ ಜಾಕ್‌ಮನ್ ಬಾಯಿ ತೆರೆಯುವ ಮೊದಲೇ ಚಪ್ಪಾಳೆ. ಕೊನೆಯಲ್ಲಿ ಇಡೀ ಥಿಯೇಟರ್ ಎದ್ದು ನಿಂತಿತು, ನಾನೂ ನಿಂತೆ. ಮನೆಗೆ ಬಂದ ಮೇಲೆ ಅಳಿಯ ಪತ್ರಿಕೆಗಳ ವಿಮರ್ಶೆ ಓದಿ ಹೇಳಿದರೆ ಹೊಗಳಿಕೆ ಅಷ್ಟಕ್ಕಷ್ಟೆ. ವಿಮರ್ಶಕರಿಗೆ ಸ್ಟಾರ್‌ಗಳ ಮೇಲೆ ಹೊಟ್ಟೆಕಿಚ್ಚೇ? ಇಲ್ಲ, ಎದ್ದು ನಿಂತ ನಾವೆಲ್ಲ ದಡ್ಡರೇ? ಕಳೆದ ಸಂಚಿಕೆಯ ನಿಮ್ಮ ಲೇಖನ ತಾರೆಯರೇ ಬ್ರಾಡ್‌ವೇಯನ್ನು ಕೆಡಿಸುತ್ತಿದ್ದಾರೆ ಎಂದಿತು. ನೀವೂ ಹಾಗೇ ನಂಬುತ್ತೀರಾ? ಮುಂದಿನ ಬಾರಿ ಟಿಕೆಟ್ ಕೊಂಡು ಹೋದ ದಿನ ಸ್ಟಾರ್ ಬರದಿದ್ದರೆ ದುಡ್ಡು ವಾಪಸ್ ತೆಗೆದುಕೊಳ್ಳುವುದು ಸರಿಯೇ?"

ಮಾನ್ಯರೇ, ನಮಸ್ಕಾರ.

ಎರಡು ಸಾಲಿನಲ್ಲಿ ಮುಗಿಸಬಹುದಾದ ಪ್ರಶ್ನೆಗಳಲ್ಲ ಇವು. ಹಾಗಾಗಿ ಈ ಬಾರಿ ತುಸು ಹೆಚ್ಚು ಜಾಗ ತೆಗೆದುಕೊಳ್ಳುತ್ತಿದ್ದೇನೆ.

ಹೊಟ್ಟೆಕಿಚ್ಚಿನ ಮಾತನ್ನು ನಾನು ಒಪ್ಪುವುದಿಲ್ಲ. ನೀವು ನೋಡಿದ ನಾಟಕದ ಕುಣಿತವನ್ನೂ, ಜಾಕ್‌ಮನ್ ಮತ್ತು ಸಟನ್ ಫಾಸ್ಟರ್ ಅವರ ಹುಮ್ಮಸ್ಸನ್ನೂ ಮೆಚ್ಚಿ ಬರೆದ ವಿಮರ್ಶಕರಿದ್ದಾರೆ. ಅವರಲ್ಲಿ ಕೆಲವರ ತಕರಾರು ಇದ್ದದ್ದು ಪಾತ್ರದ ಬಗ್ಗೆ. ಜಾಕ್‌ಮನ್ ಆಡಿದ ಹೆರಾಲ್ಡ್ ಹಿಲ್ ಎಂಬಾತ ಊರೂರು ಅಲೆಯುವ ವಂಚಕ. ಮಕ್ಕಳಿಗೆ ಬ್ಯಾಂಡ್ ಕಲಿಸುತ್ತೇನೆಂದು ನಂಬಿಸಿ, ವಾದ್ಯ ಮತ್ತು ಸಮವಸ್ತ್ರದ ದುಡ್ಡು ಬಾಚಿಕೊಂಡು ಪರಾರಿಯಾಗುವವನು. ಜಾಕ್‌ಮನ್ ಅವರನ್ನು ನೋಡಿದರೆ ಯಾರಿಗೂ ಕೇಡು ಬಯಸದ ಮನುಷ್ಯನಂತೆ ಕಾಣುತ್ತಾರೆ, ಆ ಠಕ್ಕನ ಚುರುಕು ಕಾಣುವುದಿಲ್ಲ ಎಂದು ಇವರು ಬರೆದರು. ಇದು ಸಣ್ಣ ಮಾತಲ್ಲ. ಅವನಿಂದ ಊರಿಗೆ ನಿಜವಾದ ಅಪಾಯ ಇದೆ ಎನಿಸದಿದ್ದರೆ, ಫಾಸ್ಟರ್ ಆಡಿದ ಲೈಬ್ರರಿಯನ್ ಮೇರಿಯನ್ ಅವನ ಗುಟ್ಟು ತಿಳಿದೂ ಅವನನ್ನು ಪ್ರೀತಿಸುವುದಕ್ಕೆ ಏನು ಬೆಲೆ? ನಾಟಕದ ಅಚ್ಚು ಕೂತಿರುವುದೇ ಆ ಜಾಗದಲ್ಲಿ.

ನೀವು ಎದ್ದು ನಿಂತದ್ದೂ ಸರಿಯೇ. 2020ರ ಅಕ್ಟೋಬರ್‌ನಲ್ಲಿ ತೆರೆ ಕಾಣಬೇಕಿದ್ದ ಈ ನಾಟಕ ಕೋವಿಡ್‌ನಿಂದಾಗಿ 2022ರ ಫೆಬ್ರುವರಿ 10ಕ್ಕೆ ಬಂತು. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಬ್ರಾಡ್‌ವೇ ಒಂದೂವರೆ ವರ್ಷ ಕತ್ತಲಲ್ಲಿತ್ತು. ಆ ಕತ್ತಲು ಮುಗಿದ ಮೇಲೆ, ಮೂವತ್ತು ನಲವತ್ತು ಮಂದಿ ಒಟ್ಟಿಗೆ ಹಾಡಿ ಕುಣಿಯುವುದನ್ನು ಮುಖಗವಸು ಹಾಕಿಕೊಂಡು ನೋಡಿದ ಜನ, ನಾಟಕದ ರಚನೆಗೆ ಅಂಕ ಕೊಡುತ್ತಾ ಕೂತಿರಲಿಲ್ಲ. ವಿಮರ್ಶೆಯಲ್ಲಿ ಈ ಸಂತೋಷಕ್ಕೆ ಜಾಗ ಸಾಲದೆ ಹೋಯಿತು ಎಂದು ನೀವು ದೂರಿದರೆ ಅದನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇದೇ ನಟನ ಹಳೆಯ ನಾಟಕವೊಂದರಲ್ಲಿದೆ. 2003ರ ಅಕ್ಟೋಬರ್ 16ರಂದು ಇಂಪೀರಿಯಲ್ ಥಿಯೇಟರ್‌ನಲ್ಲಿ 'ದಿ ಬಾಯ್ ಫ್ರಮ್ ಆಜ್' ಶುರುವಾಯಿತು. ಆಸ್ಟ್ರೇಲಿಯಾದ ಹಾಡುಗಾರ ಪೀಟರ್ ಆಲನ್ ಅವರ ಬದುಕಿನ ಕಥೆ ಅದು. ನ್ಯೂ ಸೌತ್ ವೇಲ್ಸ್‌ನ ಟೆಂಟರ್‌ಫೀಲ್ಡ್ ಎಂಬ ಪುಟ್ಟ ಊರಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನಲ್ಲಿ ಹಾಡುತ್ತಿದ್ದಾಗ ಹಾಲಿವುಡ್ ನಟಿ, ಗಾಯಕಿ ಜೂಡಿ ಗಾರ್ಲಂಡ್ ಕಣ್ಣಿಗೆ ಬಿದ್ದು, ಅವರ ಮಗಳು ಲೈಜಾ ಮಿನೆಲಿಯನ್ನು ಮದುವೆಯಾಗಿ, ಆ ಮದುವೆ ಮುರಿದು, ಮುಂದೆ ಬಂಗಾರದ ಬಣ್ಣದ ಅಂಗಿ ತೊಟ್ಟು ಮರಾಕಾ ಎಂಬ ಗಿಲಕಿ ಅಲ್ಲಾಡಿಸುತ್ತಾ ನ್ಯೂಯಾರ್ಕನ್ನು ಕುಣಿಸಿದಾತ. 1992ರಲ್ಲಿ ಏಡ್ಸ್‌ನಿಂದ ತೀರಿಕೊಂಡರು.

ಜಾಕ್‌ಮನ್ ಅಷ್ಟರಲ್ಲಾಗಲೇ 'ಎಕ್ಸ್-ಮೆನ್' ಸಿನಿಮಾದ ಲೋಹದ ಉಗುರಿನ ವುಲ್ವರೀನ್ ಆಗಿ ಲೋಕಕ್ಕೆಲ್ಲ ಪರಿಚಿತರು. ಆ ಸಿನಿಮಾ ನೋಡಿ ಬಂದ ಅಭಿಮಾನಿಗಳಿಗೆ ಇಲ್ಲಿ ಸಿಕ್ಕಿದ್ದು ಸೊಂಟ ಬಳುಕಿಸಿ ಕುಣಿಯುವ, ಗಂಡನ್ನು ಪ್ರೀತಿಸುವ, ಪಿಯಾನೋ ಮುಂದೆ ಕೂತು ಸಭಿಕರೊಂದಿಗೆ ಹರಟೆ ಹೊಡೆಯುವ ಮನುಷ್ಯ. ಪೀಟರ್ ಆಲನ್ ಸಂಗೀತ ಕಛೇರಿಗಳಲ್ಲಿ ಮಾಡುತ್ತಿದ್ದಂತೆಯೇ ಜಾಕ್‌ಮನ್ ಕೂಡ ಎದುರಿಗೆ ಕೂತವರನ್ನು ನೇರವಾಗಿ ಮಾತಾಡಿಸುತ್ತಿದ್ದರು, ತಡವಾಗಿ ಬಂದವರನ್ನು ಛೇಡಿಸುತ್ತಿದ್ದರು, ಅಂದಿನ ಮಾತನ್ನು ಅಂದೇ ಹುಟ್ಟಿಸಿಕೊಳ್ಳುತ್ತಿದ್ದರು. ಹಾಗಾಗಿ ಒಂದು ರಾತ್ರಿಯ ಆಟ ಇನ್ನೊಂದು ರಾತ್ರಿಯದಕ್ಕಿಂತ ಬೇರೆ. ಒಮ್ಮೆ ನೋಡಿದವರು ಮತ್ತೆ ಟಿಕೆಟ್ ಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ವಿಮರ್ಶಕರ ಪ್ರತಿಕ್ರಿಯೆ ಎರಡು ಭಾಗವಾಗಿತ್ತು. ನಾಟಕ ತೆಳು, ಕಥೆ ಎಂದರೆ ಹಾಡುಗಳ ನಡುವಿನ ಹೊಲಿಗೆ, ಬದುಕಿನ ಘಟನೆಗಳು ಒಂದರ ಹಿಂದೊಂದು ಬಂದು ಹೋಗುತ್ತವೆ, ಒಳಗೆ ಇಳಿಯುವುದಿಲ್ಲ. ಜಾಕ್‌ಮನ್ ಮಾತ್ರ ಅದ್ಭುತ. ನಾಟಕವನ್ನು ಬೈದು ನಟನನ್ನು ಹೊಗಳುವ ಈ ಬಗೆಯನ್ನು ಆಚೆ ದಡವೂ ಅಲ್ಲ ಈಚೆ ದಡವೂ ಅಲ್ಲದ ಅಳ್ಳೆದೆ ಎಂದು ತಿಳಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂದು ವೇದಿಕೆಯ ಮೇಲೆ ಏನಿತ್ತೋ ಅದನ್ನೇ ಅವರು ಬರೆದರು. 2004ರ ಜೂನ್‌ನಲ್ಲಿ ಜಾಕ್‌ಮನ್‌ಗೆ ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂತು. ಅದೇ ಸೆಪ್ಟೆಂಬರ್ 12ಕ್ಕೆ, 364 ಪ್ರದರ್ಶನಗಳ ನಂತರ ಅವರು ಹೊರಟರು. ಅವರ ಜೊತೆಗೇ ನಾಟಕವೂ ನಿಂತಿತು. ಬೇರೊಬ್ಬರನ್ನು ಹಾಕಿ ಮುಂದುವರಿಸುವ ಸಾಹಸಕ್ಕೆ ನಿರ್ಮಾಪಕರು ಹೋಗಲಿಲ್ಲ. ನಾಟಕದ ಬಗ್ಗೆ ವಿಮರ್ಶಕರು ಹೇಳಿದ್ದು ಅಲ್ಲಿಗೆ ನಿಜವಾಯಿತು. ಮತ್ತೆ ಮತ್ತೆ ಹೋದ ಅಭಿಮಾನಿಗಳ ಮಾತೂ ನಿಜವಾಯಿತು: ಇದು ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ಇನ್ನೊಂದು ಸಂಗತಿ ನೋಡಿ. 'ದಿ ಬಾಯ್ ಫ್ರಮ್ ಆಜ್' ಶುರುವಾದ 2003ರ ಅದೇ ಅಕ್ಟೋಬರ್‌ನ 30ರಂದು, ಕೆಲವೇ ಬೀದಿಗಳಾಚೆ ಗರ್ಶ್ವಿನ್ ಥಿಯೇಟರ್‌ನಲ್ಲಿ 'ವಿಕೆಡ್' ಶುರುವಾಯಿತು. ಇದಕ್ಕೂ ವಿಮರ್ಶೆ ಮಿಶ್ರ. ಇಬ್ಬರು ನಾಯಕಿಯರಲ್ಲಿ ಒಬ್ಬರಾದ ಕ್ರಿಸ್ಟಿನ್ ಚೆನೊವೆತ್ ಅವರನ್ನು ಮೆಚ್ಚಿದ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕರು ನಾಟಕವನ್ನು ಮೆಚ್ಚಲಿಲ್ಲ. ಅತ್ಯುತ್ತಮ ಮ್ಯೂಸಿಕಲ್, ಅಂದರೆ ಸಂಗೀತ ನಾಟಕದ ಟೋನಿ ಕೂಡ 'ಅವೆನ್ಯೂ ಕ್ಯೂ' ಎಂಬ ಇನ್ನೊಂದು ನಾಟಕದ ಪಾಲಾಯಿತು. ಅಂದರೆ ಆ ವರ್ಷ ಎರಡು ನಾಟಕಗಳಿಗೂ ಹೆಚ್ಚುಕಡಿಮೆ ಒಂದೇ ತೀರ್ಪು: ನಟರು ಸೊಗಸು, ನಾಟಕ ಸಪ್ಪೆ. ಒಂದರ ವಿಷಯದಲ್ಲಿ ಆ ತೀರ್ಪು ನಿಂತಿತು, ಇನ್ನೊಂದರಲ್ಲಿ ಬಿದ್ದುಹೋಯಿತು. ಚೆನೊವೆತ್ ಹೋದರು, ಹಸಿರು ಮೈಯ ಮಾಟಗಾತಿ ಎಲ್ಫಬಾ ಆಗಿ ಟೋನಿ ಗೆದ್ದ ಇಡೀನಾ ಮೆಂಜೆಲ್ ಹೋದರು, ಅವರ ನಂತರ ಎಷ್ಟೋ ಮಂದಿ ಹಸಿರು ಬಣ್ಣ ಬಳಿದುಕೊಂಡು ಎಲ್ಫಬಾ ಆದರು. 2016ಕ್ಕೆ ಬ್ರಾಡ್‌ವೇಯಲ್ಲೇ ಅದರ ಗಳಿಕೆ 100 ಕೋಟಿ ಡಾಲರ್ ದಾಟಿತು. ತನ್ನನ್ನು ಯಾರೂ ಸೇರಿಸಿಕೊಳ್ಳದ ಹುಡುಗಿ, ಅವಳಿಗೆ ಸಿಕ್ಕ ಒಬ್ಬಳೇ ಗೆಳತಿ. ಈ ಕಥೆ ಹದಿಹರೆಯದವರ ಎದೆಗೆ ಎಷ್ಟು ಹತ್ತಿರ ಹೋಗುತ್ತದೆ ಎಂಬುದು ಮೊದಲ ರಾತ್ರಿಗಳಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದವರಿಗೆ ಕಾಣಲಿಲ್ಲ. ಹುಡುಗಿಯರಿಗೆ ಕಂಡಿತು.

ಮೆಂಜೆಲ್ ಅವರ ಕೊನೆಯ ಆಟದ ವಿಷಯ ಇಲ್ಲಿ ಹೇಳಲೇಬೇಕು. ಅದಕ್ಕೆ ಹಿಂದಿನ ದಿನ, 2005ರ ಜನವರಿ 8ರಂದು, ಪಾತ್ರ ಕರಗಿಹೋಗುವ ದೃಶ್ಯದಲ್ಲಿ ವೇದಿಕೆಯ ಕಳ್ಳಬಾಗಿಲಿಗೆ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಮರುದಿನ ಎಲ್ಫಬಾ ಆಗಿ ಆಡಿದವರು ಶೊಶಾನಾ ಬೀನ್. ಮೆಂಜೆಲ್ ಅವರನ್ನು ಬೀಳ್ಕೊಡಲೆಂದೇ ಬಂದಿದ್ದ ಜನ. ಕೊನೆಯ ದೃಶ್ಯಕ್ಕೆ ಮೆಂಜೆಲ್ ಬಣ್ಣವಿಲ್ಲದೆ, ವೇಷವಿಲ್ಲದೆ, ಕೆಂಪು ಟ್ರ್ಯಾಕ್‌ಸೂಟ್‌ನಲ್ಲೇ ನಡೆದು ಬಂದು ಹಾಡಿದರು. ನಿಮಿಷಗಟ್ಟಲೆ ಚಪ್ಪಾಳೆ ನಿಲ್ಲಲಿಲ್ಲ. ಇಂಥ ಗಳಿಗೆಯನ್ನು ಯಾವ ವಿಮರ್ಶೆಯಲ್ಲಿ ಹಿಡಿಯಲು ಸಾಧ್ಯ? ವಿಮರ್ಶಕರು ಬಂದು ಬರೆದು ಹೋಗುವುದು ಮೊದಲ ವಾರಗಳಲ್ಲಿ. ಈಗಿನ ಪದ್ಧತಿಯಲ್ಲಿ ಪ್ರಿವ್ಯೂಗಳ, ಅಂದರೆ ಉದ್ಘಾಟನೆಗೆ ಮೊದಲಿನ ಪ್ರದರ್ಶನಗಳ, ಕೊನೆಯ ಕೆಲವು ಆಟಗಳಿಗೆ ಅವರನ್ನು ಕರೆಯುತ್ತಾರೆ, ವಿಮರ್ಶೆ ಉದ್ಘಾಟನೆಯ ರಾತ್ರಿ ಹೊರಬರುತ್ತದೆ. ಆಮೇಲಿನ ವರ್ಷಗಳಲ್ಲಿ ನಾಟಕ ಏನೇನಾಗುತ್ತದೆ ಎಂಬುದಕ್ಕೆ ಸಾಕ್ಷಿಯಾಗುವವರು ಅಭಿಮಾನಿಗಳೇ.

ಈಗ ನಮ್ಮ ಲೇಖನದ ಮಾತಿಗೆ ಬರುತ್ತೇನೆ. ತಾರೆಯರೇ ಕೆಡಿಸುತ್ತಿದ್ದಾರೆ ಎಂಬುದು ಲೇಖಕರ ಅಭಿಪ್ರಾಯ. ಅದನ್ನು ಪ್ರಕಟಿಸಿದ್ದಕ್ಕೆ ನನಗೆ ಬೇಸರವಿಲ್ಲ, ಆದರೆ ಪೂರ್ತಿ ಒಪ್ಪುವುದೂ ಇಲ್ಲ. ಹೆಸರು ದೊಡ್ಡದಿದ್ದ ಮಾತ್ರಕ್ಕೆ ನಾಟಕ ಗೆಲ್ಲುವುದಿಲ್ಲ. 2022ರ ಏಪ್ರಿಲ್‌ನಲ್ಲಿ 'ಫನ್ನಿ ಗರ್ಲ್' ಆಗಸ್ಟ್ ವಿಲ್ಸನ್ ಥಿಯೇಟರ್‌ಗೆ ಬಂದಾಗ, 1964ರಲ್ಲಿ ಬಾರ್ಬ್ರಾ ಸ್ಟ್ರೈಸಾಂಡ್ ಆಡಿದ ಪಾತ್ರಕ್ಕೆ ಬೀನಿ ಫೆಲ್ಡ್‌ಸ್ಟೈನ್ ಬಂದಿದ್ದರು. ಸಿನಿಮಾದಲ್ಲಿ ಹೆಸರು ಮಾಡಿದ ಚುರುಕು ನಟಿ. ಆದರೆ ಆ ಹಾಡುಗಳು ಕೇಳುವ ಕಂಠಬಲ ಅವರಲ್ಲಿಲ್ಲ ಎಂದು ವಿಮರ್ಶಕರು ಬರೆದರು, ಅಭಿಮಾನಿಗಳು ಅದಕ್ಕಿಂತ ಕಟುವಾಗಿ ಆಡಿಕೊಂಡರು. ಆ ಆಡಿಕೆಯಲ್ಲಿ ಬಹುಪಾಲು ಅತಿಯಾಯಿತು. ಒಬ್ಬ ಹುಡುಗಿ ವಾರಕ್ಕೆ ಎಂಟು ಆಟ ಆಡುತ್ತಿರುವಾಗಲೇ ಅವಳ ಜಾಗಕ್ಕೆ ಇಂಥವರು ಬರಬೇಕು ಎಂದು ಊರೆಲ್ಲ ಕೂಗುವುದು ಕ್ರೌರ್ಯ. ಜುಲೈ ಕೊನೆಗೆ ಅವರು ಬಿಟ್ಟರು, ಸೆಪ್ಟೆಂಬರ್ 6ಕ್ಕೆ ಲಿಯಾ ಮಿಷೆಲ್ ಬಂದರು. ಗಳಿಕೆ ಮೇಲೇರಿತು, ಜನ ಹಾಡು ಹಾಡಿಗೂ ಎದ್ದು ನಿಂತರು. ಮಿಷೆಲ್ ಕೂಡ ಸ್ಟಾರೇ, ಟಿವಿಯಲ್ಲಿ ಹೆಸರು ಮಾಡಿದವರೇ. ತಾರೆ ಇದ್ದಾರೋ ಇಲ್ಲವೋ ಎಂಬುದಕ್ಕಿಂತ, ಪಾತ್ರ ಕೇಳುವುದು ಅವರಲ್ಲಿದೆಯೋ ಇಲ್ಲವೋ ಎಂಬುದೇ ಇಲ್ಲಿ ಮುಖ್ಯವಾಯಿತು.

ಈ ಎರಡು ಹೆಸರುಗಳ ನಡುವೆ ಮೂರನೆಯದೊಂದು ಇದೆ, ನನಗೆ ತುಂಬ ಇಷ್ಟವಾದದ್ದು. ಒಬ್ಬರು ಹೋಗಿ ಇನ್ನೊಬ್ಬರು ಬರುವ ಆ ಆಗಸ್ಟ್ ತಿಂಗಳಿಡೀ ಪಾತ್ರವನ್ನು ಹೊತ್ತವರು ಜೂಲಿ ಬೆಂಕೊ. ಅಲ್ಲಿಯವರೆಗೆ ಅವರು ಬದಲಿ ನಟಿ. ಆ ತಿಂಗಳು ಅವರನ್ನು ನೋಡಿದವರು ಮೆಚ್ಚಿದರು. ಮಿಷೆಲ್ ಬಂದ ಮೇಲೂ ಗುರುವಾರಗಳ ಆಟ ಬೆಂಕೊ ಅವರದೇ ಆಗಿತ್ತು. ಗುರುವಾರದ ಟಿಕೆಟ್ಟೇ ಬೇಕು ಎಂದು ಹೋದ ಪ್ರೇಕ್ಷಕರಿದ್ದರು.

ಲೇಖಕರು ಟಿಕೆಟ್ ದರದ ಬಗ್ಗೆ ಬರೆದದ್ದನ್ನು ಮಾತ್ರ ಅಕ್ಷರಶಃ ಒಪ್ಪುತ್ತೇನೆ. 2001ರಲ್ಲಿ 'ದಿ ಪ್ರೊಡ್ಯೂಸರ್ಸ್' ನಾಟಕಕ್ಕೆ ನೇಥನ್ ಲೇನ್, ಮ್ಯಾಥ್ಯೂ ಬ್ರಾಡರಿಕ್ ಜೋಡಿಯನ್ನು ನೋಡಲು ಜನ ಮುಗಿಬಿದ್ದಾಗ, ಒಳ್ಳೆಯ ಸೀಟುಗಳಿಗೆ 480 ಡಾಲರ್ ಇಟ್ಟರು. ಬ್ಲ್ಯಾಕಿನಲ್ಲಿ ಮಾರುವವರ ಲಾಭ ನಾಟಕದವರಿಗೇ ಬರಲಿ ಎಂಬುದು ಸಮಜಾಯಿಷಿ. ಅಲ್ಲಿಂದ ಆ ಪದ್ಧತಿ ಬೇರೂರಿತು. 'ದಿ ಮ್ಯೂಸಿಕ್ ಮ್ಯಾನ್' ಹೊತ್ತಿಗೆ ಅತ್ಯುತ್ತಮ ಸೀಟು 700 ಡಾಲರ್ ಆಸುಪಾಸಿಗೆ ಹೋಯಿತು. ಇಷ್ಟು ದುಡ್ಡು ಕೊಟ್ಟವರು ಚೆನ್ನಾಗಿಲ್ಲ ಎಂದು ಮನಸ್ಸಿನಲ್ಲೂ ಹೇಳಿಕೊಳ್ಳಲಾರರು. ಎಲ್ಲ ನಾಟಕಕ್ಕೂ ಎಲ್ಲರೂ ಎದ್ದು ನಿಲ್ಲುವ ಇಂದಿನ ರೂಢಿಗೆ ಇದೂ ಒಂದು ಕಾರಣ ಎಂಬುದು ನನ್ನ ಗುಮಾನಿ. ನಿಮ್ಮ ಮಗಳು ಪ್ರೀತಿಯಿಂದ ಖರ್ಚು ಮಾಡಿದರು, ಆ ಮಾತು ಬೇರೆ. ಆದರೆ ಅದೇ ಊರಿನ ಶಾಲಾ ಮೇಷ್ಟ್ರು ತನ್ನ ಮಕ್ಕಳನ್ನು ಆ ನಾಟಕಕ್ಕೆ ಕರೆದೊಯ್ಯಲಾಗದಿದ್ದರೆ ಅದು ರಂಗಭೂಮಿಗೇ ಆದ ನಷ್ಟ.

ಕೊನೆಯ ಪ್ರಶ್ನೆ, ಸ್ಟಾರ್ ಬಾರದ ದಿನದ್ದು. ನಾಟಕದ ಹೆಸರಿಗಿಂತ ಮೇಲೆ ಯಾರ ಹೆಸರು ಅಚ್ಚಾಗಿದೆಯೋ ಅವರು ಬಾರದಿದ್ದರೆ ದುಡ್ಡು ವಾಪಸ್ ಕೇಳಬಹುದು ಅಥವಾ ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದು. ಬ್ರಾಡ್‌ವೇಯಲ್ಲಿ ಸಾಮಾನ್ಯವಾಗಿ ನಡೆದುಬಂದದ್ದು ಇದು. ಒಳಗೆ ಹೋಗುವ ಮೊದಲು ಲಾಬಿಯ ಬೋರ್ಡ್ ನೋಡಿ. ಪ್ರೇಕ್ಷಕರಿಗೆ ಕೊಡುವ ಪ್ಲೇಬಿಲ್ ಎಂಬ ಪುಸ್ತಿಕೆಯ ಒಳಗೆ ಸಣ್ಣದೊಂದು ಚೀಟಿ ಇಟ್ಟಿರುತ್ತಾರೆ, ಇಂಥ ಪಾತ್ರವನ್ನು ಇಂದು ಇಂಥವರು ಆಡುತ್ತಾರೆ ಎಂದು. ಆ ಚೀಟಿ ಕಂಡ ಕೂಡಲೇ ಸಭೆಯಲ್ಲಿ ಏಳುವ ನಿಟ್ಟುಸಿರು ಪರದೆಯ ಹಿಂದೆ ನಿಂತವರಿಗೂ ಕೇಳಿಸುತ್ತದೆ.

ನೀವು ನೋಡಿದ ನಾಟಕದಲ್ಲೇ ನಡೆದದ್ದು ಹೇಳುತ್ತೇನೆ. 2021ರ ಡಿಸೆಂಬರ್ 23, ಇನ್ನೂ ಪ್ರಿವ್ಯೂ ನಡೆಯುತ್ತಿತ್ತು. ಸಟನ್ ಫಾಸ್ಟರ್‌ಗೆ ಕೋವಿಡ್. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಥಿ ವಾಯ್ಟ್‌ಕೊ ಎಂಬ ನಟಿಗೆ ನೀನೇ ಇಂದು ಮೇರಿಯನ್ ಎಂದು ತಿಳಿಸಿದರು. ಒಂದು ಗಂಟೆಗೆ ಆ ಪಾತ್ರದಲ್ಲಿ ಅವರ ಮೊಟ್ಟಮೊದಲ ತಾಲೀಮು. ರಾತ್ರಿ ಆಟ. ವಾಯ್ಟ್‌ಕೊ ಆ ತಂಡದ ಸ್ವಿಂಗ್, ಅಂದರೆ ಯಾರು ಬಾರದಿದ್ದರೂ ಆ ಪಾತ್ರಕ್ಕೆ ಇಳಿಯಲು ಸಿದ್ಧರಿರಬೇಕಾದವರು. ಒಂದಲ್ಲ, ಎಂಟು ಪಾತ್ರ ಅವರ ತಲೆಯಲ್ಲಿರಬೇಕಿತ್ತು. ಪ್ರತಿಯೊಂದರ ಮಾತು, ಹಾಡು, ಹೆಜ್ಜೆ, ಯಾವ ಕಡೆಯಿಂದ ಪ್ರವೇಶ, ಯಾರ ಕೈ ಹಿಡಿಯಬೇಕು ಎಲ್ಲ. ಆಟ ಮುಗಿದ ಮೇಲೆ ಜಾಕ್‌ಮನ್ ಚಪ್ಪಾಳೆಯನ್ನು ನಿಲ್ಲಿಸಿ, ಅವರನ್ನು ಮುಂದೆ ಕರೆದು, ಬ್ರಾಡ್‌ವೇಯ ಬುನಾದಿ ಇಂಥವರೇ ಎಂದು ಸಭೆಗೆ ಹೇಳಿದರು. ವಾಯ್ಟ್‌ಕೊ ಅಳುತ್ತಾ ನಿಂತಿದ್ದರು. ಆ ವಿಡಿಯೊವನ್ನು ಲೋಕವೆಲ್ಲ ನೋಡಿತು. ಕೆಲವೇ ದಿನಗಳಲ್ಲಿ ಜಾಕ್‌ಮನ್‌ಗೂ ಕೋವಿಡ್ ಬಂದು ಆಟಗಳೇ ರದ್ದಾದವು.

ಹಾಗಾಗಿ ನನ್ನ ಸಲಹೆ ಕೇಳಿದರೆ, ಮತ್ತೆ ಬರಲು ಅವಕಾಶವಿರುವ ನಿಮ್ಮ ಮಗಳು ಬೇಕಿದ್ದರೆ ದಿನ ಬದಲಿಸಿಕೊಳ್ಳಲಿ; ಅವರ ದುಡ್ಡು, ಅವರ ಹಕ್ಕು. ಮೈಸೂರಿನಿಂದ ಅಷ್ಟು ದೂರ ಹೋಗಿರುವ ನೀವು ಮಾತ್ರ ಚೀಟಿಯಲ್ಲಿರುವ ಹೆಸರನ್ನು ಒಮ್ಮೆ ಓದಿಕೊಂಡು ಒಳಗೆ ಹೋಗಿ ಕೂತುಬಿಡಿ. ನೋಡಿ ಬಂದ ಮೇಲೆ ಹೇಗಿತ್ತೆಂದು ನಮಗೆ ಬರೆಯಿರಿ. ಆ ನಟಿಯ ಹೆಸರು ಸಮೇತ ಪ್ರಕಟಿಸುತ್ತೇವೆ.

— ಸಂಪಾದಕ