ನಮ್ಮ ಕನ್ನಡ ಸಂಘದ ಹಳೇ ವೆಬ್‌ಸೈಟನ್ನು ಹೊಸದು ಮಾಡಬೇಕು, ಎಲ್ಲಿಂದ ಶುರು ಮಾಡೋದು?

ಡಿಸೈನ್ ಆಮೇಲೆ ನೋಡಿ. ಮೊದಲು ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ ಅಂತ ಪತ್ತೆ ಮಾಡಿ. ಎಷ್ಟೋ ಸಂಘಗಳಲ್ಲಿ ಅದು ಹಿಂದಿನ ಯಾವುದೋ ಕಾರ್ಯದರ್ಶಿಯ ಸ್ವಂತ ಇಮೇಲ್‌ಗೆ ಅಂಟಿಕೊಂಡಿರುತ್ತದೆ, ಅವಧಿ ಮುಗಿಯಿತು ಅನ್ನೋ ಮೇಲ್ ಅವರಿಗೇ ಹೋಗುತ್ತದೆ, ಅವರು ನೋಡದಿದ್ದರೆ ಒಂದು ದಿನ ಸೈಟೇ ಇರುವುದಿಲ್ಲ. ಸಂಘದ ಇಮೇಲ್‌ಗೆ ವರ್ಗಾಯಿಸಿ, ಇಬ್ಬರು ಪದಾಧಿಕಾರಿಗಳಿಗೆ ಅದರ ಪಾಸ್‌ವರ್ಡ್ ಗೊತ್ತಿರಲಿ.

ನಿಜವಾದ ಕೆಲಸ ಹಳೇ ಬರಹಗಳದ್ದು. 'ನುಡಿ' ಅಥವಾ 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಫೋನ್, ಕಂಪ್ಯೂಟರ್‌ಗಳೂ ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸುವ ಉಚಿತ ಪರಿವರ್ತಕಗಳಿವೆ, ಆದರೆ ಒಬ್ಬರು ಕೂತು ಓದಲೇಬೇಕು, ಅದರಲ್ಲೂ ಅರ್ಕಾವತ್ತನ್ನು: 'ಕಾರ್ಯ' ಅನ್ನುವಲ್ಲಿ ಹಳೇ ಫಾಂಟು ಅರ್ಕಾವತ್ತನ್ನು ಕೊನೆಗೆ ಇಡುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರುತ್ತದೆ, ತಪ್ಪಾಗೋದು ಜಾಸ್ತಿ ಅಲ್ಲೇ. ಇಪ್ಪತ್ತು ವರ್ಷದ ಸ್ಮರಣ ಸಂಚಿಕೆಗಳನ್ನು ಸುಮ್ನೆ ಬಿಟ್ಟುಬಿಡಬೇಡಿ, ದಯವಿಟ್ಟು.

ಸದಸ್ಯರ ಪಟ್ಟಿ ಒಂದೇ ಕಡೆ ಇರಲಿ. ಅದನ್ನು ಫೋನ್ ನಂಬರ್ ಸಮೇತ ಪಿಡಿಎಫ್ ಮಾಡಿ ಸೈಟಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದಿಲ್ಲದಿದ್ದರೂ ಹಾಗೆ ಮಾಡುವುದು ಸರಿಯಲ್ಲ ಅಲ್ವಾ? ಚಂದಾಗೆ ಸಂಘದ ಖಾತೆಯದ್ದೇ ಯುಪಿಐ ಕ್ಯೂಆರ್ ಸಾಕು, ಖಜಾಂಚಿಯ ಸ್ವಂತ ನಂಬರ್ ಬೇಡ. ಹಿರಿಯ ಸದಸ್ಯರಿಗೆ ರಸೀದಿ ಪುಸ್ತಕವೂ ಇರಲಿ.