ಸೆಟ್ಟಿಂಗ್ ಪುಸ್ತಕ ಯಾರಿಗೆ, ಯಾವುದಕ್ಕೆ?

"ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ನನ್ನದೇ ಲೋಕ ಕಟ್ಟುತ್ತಿದ್ದೇನೆ, ಆಟಗಾರರಂತೂ ಏನೂ ಓದಲ್ಲ, ಮತ್ತೆ ದಪ್ಪ ಸೆಟ್ಟಿಂಗ್ ಪುಸ್ತಕ ಯಾಕೆ" ಅಂತ ಕೇಳಿದ್ದೀರಿ.

ಇದು ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಆಡುವ ಆಟ; ಆ ಕಥೆ ನಡೆಯುವ ಲೋಕದ ವಿವರ ಇರುವುದೇ ಸೆಟ್ಟಿಂಗ್ ಪುಸ್ತಕ. ಆಟಗಾರರು ಓದದಿದ್ದರೆ ಬಿಡಿ, ಅದು ಆಟ ನಡೆಸುವ ನಿಮಗೆ. ಆದರೆ ಎಂಥ ಪುಸ್ತಕ ಅನ್ನುವುದು ಮುಖ್ಯ. ಸಾವಿರ ವರ್ಷದ ರಾಜವಂಶದ ಕಥೆ ಓದಲು ಚೆನ್ನ, ಆಡುವಾಗ ಕೆಲಸಕ್ಕೆ ಬರುವುದು ಕಡಿಮೆ. ನೀವು ಗುಹೆ ಸಿದ್ಧ ಮಾಡಿಕೊಂಡು ಕೂತಿದ್ದೀರಿ, ಆಟಗಾರರು "ಬಂದರಿಗೆ ಹೋಗ್ತೀವಿ" ಅಂದರು. ಆಗ ಬೇಕಾಗುವುದು ಅಲ್ಲಿ ಯಾರ ಕೈ ಮೇಲೆ, ಯಾರಿಗೆ ಯಾರ ಮೇಲೆ ಹಗೆ, ಇವತ್ತು ರಾತ್ರಿ ಏನು ಕೆಡಬಹುದು ಅನ್ನುವುದು ಅಲ್ವಾ? "ಸುಂಕದ ಅಧಿಕಾರಿ ಕಳ್ಳಸಾಗಣೆಯವರಿಗೆ ಸಾಲಗಾರ" ಅನ್ನುವ ಒಂದೇ ಸಾಲಿನಿಂದ ಇಡೀ ಸಂಜೆಯ ಆಟ ಹುಟ್ಟುತ್ತದೆ. ಪುಸ್ತಕದಲ್ಲಿರುವ ಆ ಬಂದರಿನ ಹೆಸರು ಬದಲಿಸಿ ನಿಮ್ಮ ಲೋಕಕ್ಕೆ ಎತ್ತಿಕೊಳ್ಳಿ, ಯಾರೂ ಕೇಳಲ್ಲ.

ದಪ್ಪ ಇದ್ದರೆ ಉಪಯೋಗ ಜಾಸ್ತಿ ಅಂತೇನಿಲ್ಲ. ಇದೇ ಆಟಕ್ಕೆ 1980ರಲ್ಲಿ ಬಂದ ಗ್ರೇಹಾಕ್ ಅನ್ನುವ ಲೋಕದ ಸೆಟ್ಟಿಂಗ್ ಪುಸ್ತಕ 32 ಪುಟದ್ದು, ಜೊತೆಗೊಂದು ದೊಡ್ಡ ನಕ್ಷೆ. ಮಿಕ್ಕಿದ್ದನ್ನು ಆಟ ನಡೆಸುವವರೇ ತುಂಬಿಕೊಂಡರು.

ಹೆಸರುಗಳ ಪಟ್ಟಿ, ದಾಳ ಉರುಳಿಸಿ ಘಟನೆ ಆರಿಸುವ ಕೋಷ್ಟಕ ಇವೆಯಾ ಅಂತಲೂ ನೋಡಿ. ಸುಮ್ನೆ ಸಿಕ್ಕಿದ ಹೋಟೆಲಿನವನ ಹೆಸರು ಕೇಳಿದಾಗ ತಡವರಿಸುವುದು ತಪ್ಪುತ್ತದೆ. ಕೊಳ್ಳುವ ಮೊದಲು ಮಾದರಿ ಪುಟಗಳಲ್ಲಿ ಯಾವುದಾದರೂ ಒಂದು ಊರಿನ ವಿವರ ಓದಿ. ಅಲ್ಲಿ ನಿಮಗೊಂದು ಜಗಳ ಕಾಣದಿದ್ದರೆ ಅದನ್ನು ಬಿಟ್ಟು ಬೇರೆ ನೋಡಿ.