ನಿಂತ ಮೇಲೆ ಏನಾಯಿತು, ಅದನ್ನು ಬರೆಯಿರಿ

ಪ್ರಿಯರೇ,

ಭೂಮಿಯ ಹೊರಚಿಪ್ಪಿನ ಒಂದು ಭಾರೀ ತುಂಡು, ಅಂದರೆ ಫಲಕ, ಇನ್ನೊಂದರ ಕೆಳಗೆ ಇಳಿಯುವ ಬಗ್ಗೆ ನೀವು ಬರೆದ ‘ಮುಳುಗಿದ ಫಲಕ’ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ. ವಿಜಯಪುರದಲ್ಲಿ ಕೂತು ಆಗ್ನೇಯ ಏಷ್ಯಾದ ಬೋರ್ನಿಯೋ ದ್ವೀಪದ ನೆಲದಡಿಯ ಬಗ್ಗೆ ಬರೆಯುವ ಹುಮ್ಮಸ್ಸು ಮೆಚ್ಚುವಂಥದ್ದು. ಆದರೆ ಕೊನೆಯ ಪುಟದ ಕೆಲವು ಸಾಲುಗಳು ನನಗೆ ಸಿಟ್ಟು ತರಿಸಿದವು.

‘ಸಾಗರದ ಫಲಕ ಖಂಡದ ಕೆಳಗೆ ಇಳಿಯುವುದು ನಿಂತಿತು. ಅಲ್ಲಿಗೆ ಭೂಗರ್ಭ ಶಾಂತವಾಯಿತು.’

ಯಾರು ಹೇಳಿದರು ನಿಮಗೆ? ಇಳಿದ ಫಲಕ ತನ್ನ ಭಾರದಿಂದ ಮೇಲಿನ ಖಂಡವನ್ನೂ ಕೆಳಕ್ಕೆ ಜಗ್ಗುತ್ತಿರುತ್ತದೆ. ಅದು ತುಂಡಾಗಿ ಕಳಚಿಕೊಂಡರೆ ಜಗ್ಗಾಟ ತಪ್ಪಿ ನೆಲ ಮೇಲೇಳುತ್ತದೆ. ತೆರವಾದ ಜಾಗಕ್ಕೆ ಹೊರಚಿಪ್ಪಿನ ಕೆಳಗಿರುವ ಬಿಸಿ ಬಂಡೆಯ ಪದರ, ಅಂದರೆ ಮ್ಯಾಂಟಲ್, ಏರಿ ಬರುತ್ತದೆ. ಆ ಕಾವಿಗೆ ಖಂಡದ ಬುಡವೂ ಕರಗಬಹುದು. ಮೇಲಿನ ಫಲಕದ ಕಥೆ ಕಾವೇರುವುದೇ ಆಗ. ನೀವು ಅಲ್ಲೇ ಪೆನ್ನು ಕೆಳಗಿಟ್ಟಿದ್ದೀರಿ.

‘ಕಾಲಕ್ರಮೇಣ ಹಲವು ಬದಲಾವಣೆಗಳಾದವು.’

ಎಲ್ಲಿ? ಎಂಥವು? ಕ್ಯಾಲಿಫೋರ್ನಿಯಾದ ಅಂಚಿನಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಫರಲಾನ್ ಎಂಬ ಸಾಗರದ ಫಲಕ ಒಂದು ಕಡೆ ಪೂರ್ತಿ ಒಳಸೇರಿತು. ಅದರ ಬೆನ್ನಿಗೇ ಬಂದ ಪೆಸಿಫಿಕ್ ಫಲಕ ಕೆಳಗಿಳಿಯಲಿಲ್ಲ, ಖಂಡದ ಮಗ್ಗುಲಿಗೆ ಉಜ್ಜುತ್ತ ವಾಯವ್ಯಕ್ಕೆ ಸರಿಯತೊಡಗಿತು. ಸ್ಯಾನ್ ಆಂಡ್ರಿಯಾಸ್ ಬಿರುಕು ಹುಟ್ಟಿದ್ದು ಹೀಗೆ. ಒಳನಾಡಿನ ನೆವಾಡಾದಲ್ಲಿ ನೆಲ ಹಿಗ್ಗಿ ತೆಳುವಾಗಿ, ಒಂದು ಬೆಟ್ಟದ ಸಾಲು, ಒಂದು ತಗ್ಗು, ಮತ್ತೆ ಬೆಟ್ಟ ಎಂದು ಒಡೆದುಕೊಂಡಿತು. ಇಷ್ಟನ್ನೂ ನಿಮ್ಮ ‘ಹಲವು’ ನುಂಗಿಬಿಟ್ಟಿದೆ.

‘ಕಿನಬಾಲು ಸುಂದರವಾದ ಪರ್ವತ.’

ಸುಂದರ ಹೌದು. ಆದರೆ 4,095 ಮೀಟರ್ ಎತ್ತರದ ಆ ಬೆಟ್ಟದ ಗ್ರಾನೈಟ್ ಹುಟ್ಟಿ 70–80 ಲಕ್ಷ ವರ್ಷವಷ್ಟೇ ಆಗಿದೆ. ಅಷ್ಟೊತ್ತಿಗೆ ಉತ್ತರ ಬೋರ್ನಿಯೋದ ವಾಯವ್ಯ ಅಂಚಿನಲ್ಲಿ ಸಬ್‌ಡಕ್ಷನ್, ಅಂದರೆ ಫಲಕ ಕೆಳಗಿಳಿಯುವುದು, ನಿಂತು ಒಂದು ಕೋಟಿ ವರ್ಷದ ಮೇಲಾಗಿತ್ತು! ‘ಶಾಂತವಾಯಿತು’ ಎಂದವರು ಈ ಬೆಟ್ಟವನ್ನು ಹೇಗೆ ದಾಟಿ ಹೋದಿರಿ?

ನಾನು ಬೆಳಗಾವಿಯಲ್ಲಿ ಪತ್ರಿಕೆಯ ಕೆಲಸ ಕಲಿಯುವಾಗ ಮಲಪ್ರಭೆಗೆ ನೆರೆ ಬಂದಿತ್ತು. ನೀರು ಇಳಿಯಿತು ಎಂದು ಎಲ್ಲ ವರದಿಗಾರರೂ ಕೈ ತೊಳೆದುಕೊಂಡರು. ನಮ್ಮ ಹಿರಿಯ ಉಪಸಂಪಾದಕರು ಮಾತ್ರ, ‘ಮುಂದ ಏನಾತು? ಹೋಗಿ ನೋಡ್ಕೊಂಡ ಬಾ’ ಎಂದು ನನ್ನನ್ನು ರಾಮದುರ್ಗದ ಬಸ್ಸು ಹತ್ತಿಸಿದರು. ಹೊಳೆದಂಡೆಯ ಊರಲ್ಲಿ, ನೆರೆಯಲ್ಲೂ ನಿಂತಿದ್ದ ಮಣ್ಣಿನ ಗೋಡೆಗಳು ಬಿಸಿಲು ಬಿದ್ದ ಮೇಲೆ ಬುಡ ಬಿರಿದು ಒಂದೊಂದಾಗಿ ಕುಸಿಯುತ್ತಿದ್ದವು. ಒಬ್ಬ ಮುದುಕಿ ಜೋಳದ ಹಗೇವಿನ ಬಾಯಿಗೆ ಮೂಗು ಹಿಡಿದು, ಕಾಳು ಕೊಳೆತಿದೆಯೇ ಎಂದು ನೋಡುತ್ತಿದ್ದಳು. ಆ ವರದಿ ಮುಖಪುಟಕ್ಕೆ ಹೋಯಿತು.

ಫಲಕ ಇಳಿಯುವ ವಿವರಣೆಗೆ ಕೊಟ್ಟ ಮೊದಲ ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಕಿನಬಾಲುವಿನ ಗ್ರಾನೈಟ್‌ನಿಂದ ಶುರು ಮಾಡಿ, ನೆವಾಡಾದ ಬೆಟ್ಟ-ತಗ್ಗುಗಳವರೆಗೂ ಬನ್ನಿ. ತಿದ್ದಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ.

— ಸಂಪಾದಕ